ರೊಟ್ಟಿ ಅಕ್ಕ ಬರೆಸಿದ ಒಂಬತ್ತನೇ ಪ್ರಶ್ನೆ

ಬರುವ ತಿಂಗಳು ನಾನು ಗರ್ಭಚೀಲ ತೆಗೆಸಿಕೊಳ್ಳುತ್ತಿದ್ದೇನೆ. ನನಗೆ 41. ಈ ಒಂದು ಸಾಲು ಬರೆಯುವಷ್ಟು ಧೈರ್ಯ ಬರಲು ಎರಡು ವರ್ಷ ಹಿಡಿಯಿತು. ಓದಿದವರಲ್ಲಿ ನಮ್ಮ ಕಡೆಯವರು ಬಹಳ ಜನ "ಅಯ್ಯ, ಇದಕ್ಕ ಎರಡು ವರ್ಷ ಯಾಕ ಬೇಕಿತ್ತು" ಅನ್ನುತ್ತಾರೆ ಅಂತಲೂ ಗೊತ್ತು. ಕಲಬುರಗಿಯಲ್ಲಿ ಈ ಆಪರೇಷನ್ ಬಗ್ಗೆ ಹಲ್ಲು ಕೀಳಿಸಿಕೊಂಡ ಹಾಗೆ ಮಾತಾಡುತ್ತಾರೆ. ನಮ್ಮ ಓಣಿಯಲ್ಲೇ ನಾಲ್ಕು ಜನ ಇದ್ದಾರೆ. "ಮಕ್ಕಳಾದ್ವು, ಇನ್ನ ಅದರ ಕೆಲಸ ಏನದ, ತಗಸಿ ಒಗಿ" ಅಂದರು ನಮ್ಮ ವೈನಿ. ಅವರು ತೆಗೆಸಿಕೊಂಡು ಹನ್ನೊಂದು ವರ್ಷ ಆಯಿತು. ಅವರಿಗೆ ಏನೂ ತೊಂದರೆ ಆಗಲಿಲ್ಲ, ಅದಕ್ಕೆ ಯಾರಿಗೂ ಆಗುವುದಿಲ್ಲ ಅನ್ನುವುದು ಅವರ ಲೆಕ್ಕ.

ನನ್ನ ಮೈಯ ಲೆಕ್ಕ ಸ್ವಲ್ಪ ಗೋಜಲು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಮಗಳು ಹುಟ್ಟಿದ್ದು 2011ರಲ್ಲಿ. ಆಮೇಲೆ ಎರಡು ಸಲ ನಿಂತು ಎರಡೂ ಸಲ ಹೋಯಿತು, ಎರಡೂ ಮೂರನೇ ತಿಂಗಳಲ್ಲಿ. ಆಗ ಯಾರೂ ಯಾಕೆ ಅಂತ ಹುಡುಕಲಿಲ್ಲ. "ಉಷ್ಣ ಆಗ್ಯಾದ" ಅಂದರು, ದೇವರಿಗೆ ನಡೆದುಕೊಳ್ಳಿ ಅಂದರು. ನಾವು ನಡೆದುಕೊಂಡೆವು. 2016ರಲ್ಲಿ ಎಡಗಾಲು ಒಂದೇ ರಾತ್ರಿಯಲ್ಲಿ ಬಾತು ಕಂಬದಂತಾಯಿತು. ಉಳುಕಿರಬೇಕು ಅಂತ ಎಣ್ಣೆ ಹಚ್ಚಿ ತಿಕ್ಕಿದರು. ಅದು ಕಾಲಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಹಾಗೆ ತಿಕ್ಕಲೇಬಾರದು, ಗಡ್ಡೆ ಕಿತ್ತು ಪುಪ್ಪಸಕ್ಕೆ ಹೋದರೆ ಜೀವಕ್ಕೇ ಕುತ್ತು ಅಂತ ಆಮೇಲೆ ಗೊತ್ತಾಯಿತು. ರಕ್ತ ಪರೀಕ್ಷೆ ಮಾಡಿ, 12 ವಾರ ಬಿಟ್ಟು ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿ ಹೆಸರು ಹೇಳಿದರು. ಒಂದಲ್ಲ, ಎರಡು ಹೆಸರು. ಲೂಪಸ್, ಅದರ ಜೊತೆ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್. ಮೊದಲನೆಯದರಲ್ಲಿ ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುತ್ತದೆ, ಕೀಲು, ಚರ್ಮ, ಕಿಡ್ನಿ, ಎಲ್ಲಿ ಬೇಕಾದರೂ. ಎರಡನೆಯದರಲ್ಲಿ ರಕ್ತ ಬೇಡದ ಕಡೆ ಗಟ್ಟಿಯಾಗುತ್ತದೆ. ಹೋದ ಆ ಎರಡು ಕೂಸುಗಳಿಗೂ ಇದೇ ಕಾರಣ ಇರಬಹುದು ಅಂದರು. ಮೂರು ವರ್ಷ ನಾನು ನನ್ನನ್ನೇ ಬೈದುಕೊಂಡಿದ್ದೆ, ಪಪ್ಪಾಯಿ ತಿಂದೆ, ಬಸ್ಸಿನಲ್ಲಿ ಹೋದೆ ಅಂತ.

ಲೂಪಸ್ ಇದ್ದವರಿಗೆ ಬಿಸಿಲು ಆಗುವುದಿಲ್ಲ. ಇದನ್ನು ಡಾಕ್ಟರ್ ಹೇಳಿದಾಗ ನಮ್ಮ ಮನೆಯವರು ನಕ್ಕುಬಿಟ್ಟರು, ಪಾಪ, ಅಳಬಾರದು ಅಂತ ನಕ್ಕಿದ್ದು. ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟುವ ಊರಲ್ಲಿ ಬಿಸಿಲು ಬಿಟ್ಟು ಎಲ್ಲಿಗೆ ಹೋಗುವುದು? ಒಂಬತ್ತು ವರ್ಷದಿಂದ ಉದ್ದ ತೋಳಿನ ಕುಪ್ಪಸ, ಛತ್ರಿ, ಮುಖಕ್ಕೆ ಕ್ರೀಮು. ಹೈಡ್ರಾಕ್ಸಿಕ್ಲೋರೋಕ್ವಿನ್ ದಿನಾ, ಅದಕ್ಕೆ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಸ್ಟೆರಾಯ್ಡ್ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ. ಥೈರಾಯ್ಡ್ ಗುಳಿಗೆ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ ವಾರ್ಫರಿನ್, ರಕ್ತ ತೆಳು ಇಡುವ ಗುಳಿಗೆ, ಜೀವ ಇರುವವರೆಗೆ. ತಿಂಗಳಿಗೊಮ್ಮೆ ರಕ್ತ ಎಷ್ಟು ತೆಳು ಇದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ, ಅಂಕಿ 2ರಿಂದ 3ರ ನಡುವೆ ನಿಲ್ಲಬೇಕು. ಕಮ್ಮಿ ಆದರೆ ಹೆಪ್ಪುಗಟ್ಟುತ್ತದೆ, ಜಾಸ್ತಿ ಆದರೆ ಸೋರುತ್ತದೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಈ ಗುಳಿಗೆಗೆ ಎದುರು ಕೆಲಸ ಮಾಡುತ್ತದೆ. ಅಂದರೆ ನಮ್ಮ ಪುಂಡಿ ಪಲ್ಯ, ಮೆಂತೆ, ರಾಜಗಿರಿ ಎಲ್ಲ. ಮೊದಲ ಡಾಕ್ಟರ್ ಪಲ್ಯವನ್ನೇ ಬಿಡಿ ಅಂದರು. ಎರಡನೆಯವರು ಬಿಡಬೇಡಿ, ದಿನಾ ಒಂದೇ ಅಳತೆ ತಿನ್ನಿ, ನಿಮ್ಮ ಪಲ್ಯಕ್ಕೆ ಹೊಂದಿಸಿ ಗುಳಿಗೆ ಬರೆಯುತ್ತೇನೆ ಅಂದರು. ನಾನು ಇವತ್ತಿಗೂ ಎರಡನೆಯವರ ಹತ್ತಿರವೇ ಹೋಗುತ್ತೇನೆ. ಬರೀ ಪಲ್ಯಕ್ಕಾಗಿ ಅಲ್ಲ, ಆದರೂ.

ಈಗ ಮುಟ್ಟಿನ ವಿಷಯ. ನಾನು ಒಂದು ಸಹಕಾರಿ ಸೊಸೈಟಿಯಲ್ಲಿ ಕ್ಯಾಷಿಯರ್. ಕ್ಯಾಷ್ ಕೌಂಟರಿನಿಂದ ಏಳುವುದು ಅಂದರೆ ಸುಮ್ನೆ ಎದ್ದು ಹೋಗುವುದಲ್ಲ. ಎಣಿಸುತ್ತಿದ್ದ ನೋಟು ಒಳಗಿಡಬೇಕು, ಡ್ರಾಯರ್‌ಗೆ ಬೀಗ, ಕ್ಯಾಬಿನ್ನಿಗೆ ಬೀಗ, ಸಾಲಿನಲ್ಲಿ ನಿಂತವರಿಗೆ ಐದು ನಿಮಿಷ ಅಂತ ಕೈ ತೋರಿಸಬೇಕು. ರಕ್ತ ತೆಳುವಾದ ಮೇಲೆ ಮುಟ್ಟು ಜಾಸ್ತಿ ಆಯಿತು, 2021ರಿಂದ ವಿಪರೀತ ಆಯಿತು. ಗಂಟೆಗೊಮ್ಮೆ ಏಳಲೇಬೇಕು. ದಿನಕ್ಕೆ ಏಳೆಂಟು ಸಲ ಬೀಗ ಹಾಕಿ ತೆಗೆಯುವ ಕ್ಯಾಷಿಯರನ್ನು ಜನ ಹೇಗೆ ನೋಡುತ್ತಾರೆ ಗೊತ್ತಲ್ವಾ. ಒಬ್ಬ ಹಿರಿಯರು "ಈ ಮೇಡಮ್ ಚಹಾಕ್ಕೇ ಹೋಗ್ತಾರ ದಿನಾ" ಅಂತ ಕೇಳುವ ಹಾಗೆ ಅಂದರು. ಕುರ್ಚಿಯ ಮೇಲೆ ಹಳೆ ಕೌದಿ ಮಡಚಿ ಹಾಕಿದ್ದೆ. ಗಾಢ ಬಣ್ಣ ಬಿಟ್ಟು ಬೇರೆ ಸೀರೆ ಉಟ್ಟು ನಾಲ್ಕು ವರ್ಷ ಆಗಿದೆ. ತಿಂಗಳಿಗೆ ಹನ್ನೊಂದು ಹನ್ನೆರಡು ದಿನ ಇದೇ. ಹಸಿ ಅಕ್ಕಿ ತಿನ್ನುವ ಚಟ ಹತ್ತಿತು, ಡಬ್ಬಿಗಟ್ಟಲೆ, ಅದು ಕಬ್ಬಿಣದ ಅಂಶ ಕಮ್ಮಿ ಆದಾಗ ಬರುವ ಆಸೆ ಅಂತ ನನಗೆ ತಿಳಿದಿರಲಿಲ್ಲ. 2023ರ ಜುಲೈನಲ್ಲಿ ನೋಟು ಎಣಿಸುತ್ತ ಎಣಿಸುತ್ತ ಕಣ್ಣು ಕತ್ತಲೆ ಬಂತು. ಹಿಮೋಗ್ಲೋಬಿನ್ 5.8. ಮೂರು ಬಾಟಲಿ ರಕ್ತ ಹಾಕಿದರು.

ಸ್ಕ್ಯಾನಿಂಗ್‌ನಲ್ಲಿ ಅಡಿನೋಮಯೋಸಿಸ್ ಅಂತ ಬಂತು. ಗರ್ಭಚೀಲದ ಒಳಪದರ ತನ್ನ ಜಾಗ ಬಿಟ್ಟು ಗೋಡೆಯ ಮಾಂಸದೊಳಗೆ ಬೆಳೆಯುತ್ತದೆ, ಚೀಲ ಬಾತು ದಪ್ಪಗಾಗುತ್ತದೆ, ನೋವು ಮತ್ತು ರಕ್ತ ಎರಡೂ ಹೆಚ್ಚುತ್ತವೆ. ಕ್ಯಾನ್ಸರ್ ಅಲ್ಲ. ಈ ಮಾತನ್ನು ನಾನು ದಪ್ಪ ಅಕ್ಷರದಲ್ಲಿ ಬರೆಯಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಊರಲ್ಲಿ ಮೊದಲು ತೋರಿಸಿದ ಕಡೆ ರಿಪೋರ್ಟನ್ನು ಅರ್ಧ ನಿಮಿಷ ನೋಡಿ, "ಸೋಮವಾರ ಅಡ್ಮಿಟ್ ಆಗ್ರಿ, ಮಂಗಳವಾರ ತೆಗೆದು ಬಿಡ್ತೀವಿ" ಅಂದರು. ವಾರ್ಫರಿನ್ ತಗೋತೀನಿ ಅಂದೆ. "ಎರಡು ದಿನ ಬಂದ್ ಮಾಡ್ರಿ" ಅಂದರು. ಒಂಬತ್ತು ವರ್ಷದಿಂದ ಆ ಗುಳಿಗೆಯ ಜೊತೆ ಬಾಳುತ್ತಿರುವವಳಿಗೆ ಇದು ಸಾಕು. ಅದರ ಪ್ರಭಾವ ಇಳಿಯಲು ಐದು ದಿನ ಬೇಕು. ಎರಡು ದಿನ ಬಿಟ್ಟು ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಐದು ದಿನ ಸುಮ್ನೆ ಬಿಟ್ಟರೆ ಇನ್ನೊಂದು ಕಾಲೋ ಮೆದುಳೋ ಹೆಪ್ಪುಗಟ್ಟಬಹುದು. ಚಪ್ಪಲಿ ಹಾಕಿಕೊಂಡು ಎದ್ದು ಬಂದೆ.

ಎರಡನೇ ಕಡೆ ಒಬ್ಬ ಹಿರಿಯ ಮೇಡಮ್. ಫೈಲು ಪೂರ್ತಿ ಓದಿದರು, ಹೊರಗೆ ಪೇಷಂಟ್ ಗದ್ದಲ ಇದ್ದರೂ ಓದಿದರು. ಆಮೇಲೆ ಫೈಲು ಮುಚ್ಚಿ, "ನೋಡವ್ವ, ನಿನ್ನ ಕೇಸ್ ನಾನು ಇಲ್ಲಿ ಮುಟ್ಟಂಗಿಲ್ಲ. ಮೊದಲು ಬ್ಯಾರೆ ದಾರಿ ಎಲ್ಲಾ ನೋಡಮು. ಏನೂ ಆಗಲಿಲ್ಲ ಅಂದ್ರ, ಎಲ್ಲಾ ಡಾಕ್ಟರು ಒಂದೇ ಕಡಿ ಇರೋ ಜಾಗಕ್ಕ ಕಳಸ್ತೀನಿ" ಅಂದರು. ಕೈ ಹಾಕಲ್ಲ ಅಂದ ಡಾಕ್ಟರ್ ಮೇಲೆ ನಂಬಿಕೆ ಬಂದಿದ್ದು ಅದೇ ಮೊದಲು.

ಬೇರೆ ದಾರಿಗಳು ಅಂದರಲ್ಲ, ಅವು ಒಂದೊಂದಾಗಿ ಹೇಗೆ ಮುಚ್ಚಿಕೊಂಡವು ಅನ್ನುವುದೇ ಈ ಎರಡು ವರ್ಷದ ಕಥೆ. ನನ್ನ ಹಾಗೆ ನಾಲ್ಕು ರೋಗ ಒಟ್ಟಿಗೆ ಕಟ್ಟಿಕೊಂಡವರಿಗೆ ಇದು ಗೊತ್ತಿರುತ್ತದೆ. ಒಂದಕ್ಕೆ ಔಷಧಿ ಇನ್ನೊಂದಕ್ಕೆ ವಿಷ.

ರಕ್ತ ನಿಲ್ಲಿಸಲು ಎಲ್ಲರಿಗೂ ಮೊದಲು ಕೊಡುವುದು ಟ್ರಾನೆಕ್ಸಾಮಿಕ್ ಆಸಿಡ್. ಅದು ಹೆಪ್ಪು ಕರಗದಂತೆ ತಡೆಯುತ್ತದೆ, ಹೆಪ್ಪೇ ನನ್ನ ವೈರಿ, ಹಾಗಾಗಿ ನನಗಿಲ್ಲ. ಇದನ್ನು ನಮ್ಮಲ್ಲಿ ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆಯೂ ಕೊಡುತ್ತಾರೆ, ದಯವಿಟ್ಟು ಹಾಗೆ ತಗೋಬೇಡಿ. ಮೆಫೆನಾಮಿಕ್‌ನಂಥ ನೋವಿನ ಗುಳಿಗೆ ವಾರ್ಫರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಅದೂ ಇಲ್ಲ. ಸಾಮಾನ್ಯವಾಗಿ ಕೊಡುವ ಗರ್ಭನಿರೋಧಕ ಗುಳಿಗೆಯಲ್ಲಿ ಈಸ್ಟ್ರೊಜನ್ ಅನ್ನುವ ಹಾರ್ಮೋನು ಇರುತ್ತದೆ, ಅದು ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ, ಮುಟ್ಟುವ ಹಾಗೇ ಇಲ್ಲ. ಜಾತ್ರೆಗೆ, ಮದುವೆಗೆ, ಶ್ರಾವಣದ ಪೂಜೆಗೆ ಮುಟ್ಟು ಮುಂದಕ್ಕೆ ಹಾಕಲು ಹೆಂಗಸರು ತಗೋತಾರಲ್ಲ, ನಾರೆಥಿಸ್ಟೆರಾನ್, ಅದರದ್ದೂ ಸ್ವಲ್ಪ ಭಾಗ ಮೈಯೊಳಗೆ ಈಸ್ಟ್ರೊಜನ್ ಆಗಿ ಬದಲಾಗುತ್ತದಂತೆ, ಅದಕ್ಕೆ ಡೋಸ್ ಜಾಸ್ತಿ ಕೊಡಲು ನನ್ನ ಡಾಕ್ಟರ್ ಒಪ್ಪಲಿಲ್ಲ. ಹಾಗಾದರೆ ವಾರ್ಫರಿನ್ನನ್ನೇ ಬದಲಿಸಿ, ತಿಂಗಳ ಪರೀಕ್ಷೆ ಬೇಡದ ಹೊಸ ಗುಳಿಗೆ ಬಂದಿವೆಯಲ್ಲ ಅಂತ ಕೇಳಿದೆ. ನನ್ನ ಥರ ಈ ಹೆಪ್ಪುಗಟ್ಟುವ ರೋಗಕ್ಕೆ ರಕ್ತದಲ್ಲಿ ನೋಡುವ ಮೂರೂ ಆಂಟಿಬಾಡಿ ಪಾಸಿಟಿವ್ ಇದ್ದವರಿಗೆ ಆ ಹೊಸ ಗುಳಿಗೆ ಸಾಲುವುದಿಲ್ಲ, 2018ರಲ್ಲಿ ಅಂಥವರ ಮೇಲೆ ನಡೆದ ಒಂದು ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು, ಹೊಸ ಗುಳಿಗೆ ತಗೊಂಡವರಲ್ಲಿ ಪಾರ್ಶ್ವವಾಯು, ಹೃದಯಾಘಾತ ಜಾಸ್ತಿ ಆಗಿತ್ತು ಅಂದರು.

ಉಳಿದಿದ್ದು ಚೀಲದೊಳಗೆ ಕೂಡಿಸುವ ಹಾರ್ಮೋನಿನ ಸಾಧನ, ಮಿರೆನಾ ಅಂತಾರಲ್ಲ, ಅದು. ನೋಡಲು ಕಾಪರ್-ಟಿ ಥರ, ಆದರೆ ಒಳಗೇ ಸ್ವಲ್ಪ ಸ್ವಲ್ಪ ಹಾರ್ಮೋನು ಬಿಡುತ್ತದೆ, ರಕ್ತಕ್ಕೆ ಹೋಗುವುದು ಕಮ್ಮಿ. ನಿಜ ಹೇಳಬೇಕೆಂದರೆ ಬಹಳ ಜನರಿಗೆ ಇದರಿಂದಲೇ ಆಪರೇಷನ್ ತಪ್ಪುತ್ತದೆ. ನಿಮಗೆ ಯಾರಾದರೂ ನೇರ ಆಪರೇಷನ್ ಅಂದರೆ ಮೊದಲು ಇದನ್ನು ಕೇಳಿ. ನನಗೂ ಮೂರು ತಿಂಗಳು ಸ್ವರ್ಗ. ನಾಲ್ಕನೇ ತಿಂಗಳು ಶುರುವಾಗಿ, ಐದನೇ ತಿಂಗಳು ರಕ್ತದ ಜೊತೆ ಆ ಸಾಧನವೇ ಹೊರಗೆ ಬಂತು. ಬಾತ ಚೀಲದಲ್ಲಿ ಹೀಗೆ ಜಾರುವುದುಂಟು. ಇನ್ನೊಂದು ಹಾಕಿಸಿದೆ. ಅದೂ ನಿಲ್ಲಲಿಲ್ಲ. ಆ ದಿನ ಬಚ್ಚಲಮನೆಯ ಫರ್ಸಿಯ ಮೇಲೆ ಕೂತು ಅತ್ತಷ್ಟು ನಾನು ಕಾಲು ಬಾತಾಗಲೂ ಅತ್ತಿರಲಿಲ್ಲ.

ಒಳಪದರ ಸುಡುವ ವಿಧಾನ ಇದೆ. ನನ್ನ ರೋಗ ಪದರದಲ್ಲಿಲ್ಲ, ಗೋಡೆಯಲ್ಲಿದೆ. ತೇವ ಹಿಡಿದ ಗೋಡೆಗೆ ಮೇಲೆ ಸುಣ್ಣ ಬಳಿದ ಹಾಗಾಗುತ್ತದೆ ಅಂದರು ಮೇಡಮ್. ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ಮುಟ್ಟನ್ನೇ ನಿಲ್ಲಿಸಬಹುದು, ಆದರೆ ಅದು ಮೂಳೆ ಸವೆಸುತ್ತದೆ, ಸ್ಟೆರಾಯ್ಡ್ ಈಗಾಗಲೇ ನನ್ನ ಮೂಳೆಯನ್ನು ಅರ್ಧ ತಿಂದಿದೆ. ಕೆಲವೇ ತಿಂಗಳು ಕೊಡಬಹುದು, ವರ್ಷಗಟ್ಟಲೆ ಅಲ್ಲ.

ಹೀಗೆ ಬಂದು ನಿಂತಿದ್ದು ಆಪರೇಷನ್ ಮುಂದೆ. ಅಷ್ಟಾದ ಮೇಲೂ ನಾನು "ಆಯ್ತು" ಅನ್ನಲಿಲ್ಲ. ಅದಕ್ಕೆ ಕಾರಣ ರೊಟ್ಟಿ ಅಕ್ಕ.

ಬೆರಳಿನ ಗಂಟುಗಳು ಬಾತ ಮೇಲೆ ನನಗೆ ರೊಟ್ಟಿ ಬಡಿಯಲು ಆಗುವುದಿಲ್ಲ. ಆರು ವರ್ಷದಿಂದ ಒಬ್ಬರು ಬಂದು ಮಾಡಿಕೊಡುತ್ತಾರೆ. ನನಗಿಂತ ಎರಡು ವರ್ಷ ಸಣ್ಣವರು, ಆದರೆ ಮಗಳು ಕರೆಯುವುದು ಕೇಳಿ ಕೇಳಿ ನಮ್ಮೆಲ್ಲರಿಗೂ ಅವರು ರೊಟ್ಟಿ ಅಕ್ಕ. ಚಿಂಚೋಳಿ ಕಡೆಯ ತಾಂಡಾದವರು. ಒಂದು ದಿನ ಅವರು ಹಿಟ್ಟು ನಾದುವಾಗ ನಾನು ಹೇಳಿದೆ, ಗರ್ಭಚೀಲ ತೆಗೆಸಬೇಕು ಅಂತಿದ್ದಾರೆ ಅಂತ. ಕೈ ನಿಂತಿತು.

"ನಿಮಗೂ ಹೆದರಿಸ್ಯಾರೇನ್ರಿ ಅಕ್ಕೋರ?"

ಆರು ವರ್ಷ ನಮ್ಮ ಅಡುಗೆಮನೆಯಲ್ಲಿ ದಿನಾ ಒಂದು ಗಂಟೆ ಇರುವವರ ಕಥೆ ನನಗೆ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ. 27 ವಯಸ್ಸಿನಲ್ಲಿ ಹೊಟ್ಟೆನೋವು, ಬಿಳಿ ಸೆರಗು ಅಂತ ಊರಿನ ಒಬ್ಬರ ಮಾತು ಕೇಳಿ ಕಲಬುರಗಿಗೆ ತೋರಿಸಲು ಬಂದಿದ್ದರು. ಹೊಟ್ಟೆ ಮೇಲೆ ಮಷಿನ್ ಇಟ್ಟು ನೋಡಿ, "ಚೀಲದಾಗ ಗಾಯ ಅದ, ಬಿಟ್ರ ಕ್ಯಾನ್ಸರ್ ಆಗ್ತದ" ಅಂದರು. ಮರುದಿನವೇ ಆಪರೇಷನ್. ಎರಡು ಆಡು ಮಾರಿದರು, ಬೆಳ್ಳಿ ಒತ್ತೆ ಇಟ್ಟರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರಾ? ಗೊತ್ತಿಲ್ಲ. ಅಂಡಾಶಯ ಇದೆಯಾ ತೆಗೆದಿದ್ದಾರಾ? "ಹಂಗಂದ್ರೇನ್ರಿ?" ಕಾಗದ ಏನಾದರೂ ಕೊಟ್ಟರಾ? ಇಲ್ಲ. ಎರಡು ತಿಂಗಳಿಗೆ ಪುಣೆಗೆ ಗುಳೆ ಹೋಗಿ ಕಲ್ಲು ಹೊತ್ತರು. ಅವತ್ತಿನಿಂದ ಸೊಂಟ ನೋವು. ಒಂದು ವರ್ಷದೊಳಗೆ ಮೈಯೆಲ್ಲ ಬೆಂಕಿ ಹಚ್ಚಿದ ಹಾಗೆ ಕಾವು, ರಾತ್ರಿ ಬೆವರು. 28ರಲ್ಲಿ.

"ನನಗ ಯಾರೂ ಏನೂ ಕೇಳಲಿಲ್ರಿ. ಹೆಬ್ಬಟ್ಟು ಒತ್ತು ಅಂದ್ರು, ಒತ್ತಿದೆ" ಅಂದು ಮತ್ತೆ ಹಿಟ್ಟು ನಾದತೊಡಗಿದರು.

ಇವರು ಒಬ್ಬರೇ ಅಲ್ಲ. 2015ರಲ್ಲಿ ನಮ್ಮ ಜಿಲ್ಲೆಯ ಹೆಸರು ಇದೇ ವಿಷಯಕ್ಕೆ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಬೇಕಿಲ್ಲದೆ ಗರ್ಭಚೀಲ ತೆಗೆಸಿಕೊಂಡವರು ಎರಡು ಸಾವಿರಕ್ಕೂ ಜಾಸ್ತಿ ಅಂತ ಆಗ ಆರೋಪ ಇತ್ತು, ಹೆಚ್ಚಿನವರು ತಾಂಡಾಗಳ ಲಂಬಾಣಿ ಹೆಂಗಸರು ಮತ್ತು ದಲಿತ ಹೆಂಗಸರು, ಬಹಳಷ್ಟು ಮಂದಿ 40 ದಾಟದವರು. ತನಿಖೆಗಳಾದವು, ಹೆಂಗಸರು ಕಲಬುರಗಿಯ ಬೀದಿಗೆ ಬಂದು ಪ್ರತಿಭಟನೆ ಮಾಡಿದರು. ನಾನು ಅದೇ ಊರಲ್ಲಿ ಇದ್ದೆ, ಪೇಪರ್ ಓದಿದ್ದೆ, ಛೇ ಅಂದಿದ್ದೆ, ಪುಟ ತಿರುವಿದ್ದೆ. ನಮ್ಮಿಂದ ದೂರ ಇಲ್ಲದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರದ್ದೂ ಇದೇ ಕಥೆ ಅಂತ 2019ರಲ್ಲಿ ಬಂತು, ಮುಟ್ಟಿಗೆ ರಜೆ ಹಾಕಿದರೆ ಕೂಲಿ ಕತ್ತರಿಸುತ್ತಾರೆ ಅಂತ ಚೀಲವನ್ನೇ ತೆಗೆಸಿಕೊಂಡವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 3.3ರಷ್ಟು ಮಂದಿಗೆ ಈ ಆಪರೇಷನ್ ಆಗಿದೆ, ಅತಿ ಹೆಚ್ಚು ನಮ್ಮ ಪಕ್ಕದ ತೆಲಂಗಾಣ, ಆಂಧ್ರದಲ್ಲಿ. 2013ರಲ್ಲಿ ಡಾ. ನರೇಂದ್ರ ಗುಪ್ತಾ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಬೇಡದ ಆಪರೇಷನ್ ತಡೆಯಲು ಕೇಂದ್ರ ಮಾಡಿದ ನಿಯಮಗಳನ್ನು ಮೂರು ತಿಂಗಳಲ್ಲಿ ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ. ಹತ್ತು ವರ್ಷ ಹಿಡಿಯಿತು. ರೊಟ್ಟಿ ಅಕ್ಕನಿಗೆ ಹಿಡಿದಿದ್ದು ಒಂದು ದಿನ.

ಬಿಳಿ ಸೆರಗು ಬಹಳ ಸಲ ಸೋಂಕು. ಒಂದೆರಡು ವಾರದ ಗುಳಿಗೆ ಸಾಕಾಗುವ ರೋಗ. ಅದನ್ನು ನೆನೆಸಿದರೆ ಇವತ್ತಿಗೂ ನನಗೆ ಸಿಟ್ಟು ತಡೆಯಲು ಆಗುವುದಿಲ್ಲ.

ಹಾಗಾಗಿ ನಾನು ಹೆದರಿದೆ. ನನ್ನನ್ನೂ ಹೆದರಿಸಿಯೇ ಒಪ್ಪಿಸುತ್ತಿದ್ದಾರಾ? ಎಂಟು ತಿಂಗಳು ಸುಮ್ನೆ ದೂಡಿದೆ. ಕಬ್ಬಿಣದ ಇಂಜೆಕ್ಷನ್ ಹಾಕಿಸಿಕೊಳ್ಳುವುದು, ಹಿಮೋಗ್ಲೋಬಿನ್ 9ಕ್ಕೆ ಏರಿಸುವುದು, ಎರಡು ಮುಟ್ಟಿಗೆ ಅದು ಮತ್ತೆ 7ಕ್ಕೆ ಇಳಿಯುವುದು. ಬಾವಿಗೆ ತೂತು ಕೊಡ ಇಳಿಸಿದ ಹಾಗೆ. ರೊಟ್ಟಿ ಅಕ್ಕನಿಗಾದ ಅನ್ಯಾಯಕ್ಕೆ ನಾನು ರಕ್ತ ಸುರಿಸಿ ಪ್ರಾಯಶ್ಚಿತ್ತ ಮಾಡುತ್ತಿದ್ದೇನಾ ಅಂತ ಒಂದು ರಾತ್ರಿ ಅನಿಸಿತು. ಅದು ಅವರಿಗೂ ಉಪಯೋಗ ಇಲ್ಲ, ನನಗೂ ಇಲ್ಲ.

ಕೊನೆಗೆ ಮೇಡಮ್ ಹೇಳಿದ್ದ, ಎಲ್ಲ ಡಾಕ್ಟರೂ ಒಂದೇ ಕಡೆ ಇರುವ ಜಾಗಕ್ಕೆ, ಹೈದರಾಬಾದಿಗೆ ಹೋದೆವು. ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ರೈಲು ಹೋಗುವಾಗ ಮೊದಲ ಸಲ ಒಂದು ನೋಟ್‌ಬುಕ್‌ನಲ್ಲಿ ಪ್ರಶ್ನೆ ಬರೆದುಕೊಂಡೆ. ಎಂಟು ಪ್ರಶ್ನೆ. ಕ್ಯಾನ್ಸರ್ ಇದೆಯಾ, ಇಲ್ಲ ಅಂತ ಹೇಗೆ ಗೊತ್ತು? ತೆಗೆಯದಿದ್ದರೆ ಏನಾಗುತ್ತದೆ? ಬಾಗಿಲಿನಂತಿರುವ ಗರ್ಭಕಂಠ ಉಳಿಸುತ್ತೀರಾ? ಅಂಡಾಶಯ? ವಾರ್ಫರಿನ್ ಯಾರು ನೋಡಿಕೊಳ್ಳುತ್ತಾರೆ? ಸ್ಟೆರಾಯ್ಡ್ ತಿಂದವಳಿಗೆ ಗಾಯ ಮಾಯುತ್ತದಾ? ಲೂಪಸ್ ಕೆರಳಿದರೆ? ಇದರಿಂದ ಯಾವ ನೋವು ಹೋಗುತ್ತದೆ, ಯಾವುದು ಹೋಗುವುದಿಲ್ಲ? ಅಲ್ಲಿಯ ಡಾಕ್ಟರ್ ನಮ್ಮ ಕಡೆಯ ಹಿಂದಿಯಲ್ಲೇ ಮಾತಾಡಿದರು, ಎಂಟಕ್ಕೂ ಉತ್ತರ ಕೊಟ್ಟರು, ನಲವತ್ತು ನಿಮಿಷ. ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ಕ್ಯಾನ್ಸರ್ ಇಲ್ಲ. ತೆಗೆಯದಿದ್ದರೆ ನೀವು ಸಾಯುವುದಿಲ್ಲ, ಆದರೆ ಹೀಗೇ ರಕ್ತ ಹೋಗುತ್ತಿದ್ದರೆ ಒಂದು ದಿನ ವಾರ್ಫರಿನ್ ನಿಲ್ಲಿಸಲೇಬೇಕಾಗುತ್ತದೆ, ಅದು ನಿಂತರೆ ಅಪಾಯ ಅಂದರು. ಕೊನೆಗೆ, "ಮನೆಗೆ ಹೋಗಿ ಯೋಚನೆ ಮಾಡಿ, ಅವಸರ ಇಲ್ಲ" ಅಂದರು. ಯಾರೂ ಹೆದರಿಸಲಿಲ್ಲ. ಒಪ್ಪಿದ್ದು ಅಲ್ಲೇ, ಆ ಕುರ್ಚಿಯಲ್ಲೇ, ಮನಸ್ಸಿನಲ್ಲಿ. ಬಾಯಲ್ಲಿ ಹೇಳಲು ಮತ್ತೊಂದು ತಿಂಗಳು ಆಯಿತು.

ಅಂಡಾಶಯ ಉಳಿಸುತ್ತಾರೆ. ಇದೊಂದಕ್ಕೆ ನಾನು ಬಹಳ ಹಟ ಮಾಡಿದೆ. "ಚೀಲ ತೆಗೆಯುವಾಗ ಅದನ್ನೂ ತೆಗೆದುಬಿಡೋಣ, ಮುಂದೆ ತೊಂದರೆ ಬೇಡ" ಅಂತ ನಮ್ಮಲ್ಲಿ ಸುಲಭವಾಗಿ ಹೇಳುತ್ತಾರೆ. 41ಕ್ಕೆ ಅವನ್ನು ತೆಗೆದರೆ ಒಂದೇ ದಿನದಲ್ಲಿ ಮುಟ್ಟು ನಿಂತ ಮುದುಕಿಯ ಮೈ ಬರುತ್ತದೆ, ಮೂಳೆ, ಹೃದಯ ಎರಡಕ್ಕೂ ಪೆಟ್ಟು. ಬೇರೆಯವರಿಗೆ ಈಸ್ಟ್ರೊಜನ್ ಗುಳಿಗೆ ಕೊಟ್ಟು ಅದನ್ನು ತುಂಬಬಹುದು, ನನಗೆ ಕೊಡುವ ಹಾಗಿಲ್ಲ. ಉಳಿಸಿದರೂ ಮುಟ್ಟು ನಿಲ್ಲುವ ಕಾಲ ಒಂದೆರಡು ವರ್ಷ ಮುಂಚೆ ಬರಬಹುದು ಅಂದಿದ್ದಾರೆ. ಇರಲಿ. ಒಪ್ಪಿಗೆ ಪತ್ರದಲ್ಲಿ "ಅಂಡಾಶಯ ಉಳಿಸಬೇಕು" ಅಂತ ನನ್ನ ಕೈಯಿಂದಲೇ ಬರೆಯುತ್ತೇನೆ ಅಂದೆ. ಬರೆಯಿರಿ ಅಂದರು.

ಮನೆಯಲ್ಲಿ ಏನಂದರು? ನಮ್ಮ ಮನೆಯವರು ಏನೂ ಅನ್ನಲಿಲ್ಲ, ರಜೆ ಅರ್ಜಿ ಬರೆದರು, ಅದು ಅವರ ಭಾಷೆ. ಅತ್ತಿ ಮಾತ್ರ "ತೊಗರಿ ರಾಶಿ ಆದ ಮ್ಯಾಲ ಮಾಡಸ್ಕೋಬಾರದೇನು" ಅಂದರು. ಅವರ ತಪ್ಪಲ್ಲ, ಅವರ ಕಾಲದಲ್ಲಿ ಎಲ್ಲ ರೋಗವೂ ರಾಶಿ ಆದ ಮೇಲೇ. ಆದರೆ ನನ್ನ ದಿನ ಗೊತ್ತು ಮಾಡಿದ್ದು ರಾಶಿಯಲ್ಲ, ಲೂಪಸ್. ಅದು ಆರು ತಿಂಗಳಿಂದ ತಣ್ಣಗಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿಲ್ಲ, ತಣ್ಣಗಿರುವಾಗಲೇ ಮುಗಿಸಬೇಕು. ಮುಟ್ಟು ನಿಲ್ಲಿಸುವ ಇಂಜೆಕ್ಷನ್ ಎರಡು ಆಗಿದೆ, ಮೊದಲ ಎರಡು ವಾರ ಇನ್ನೂ ಜಾಸ್ತಿ ಹೋಗಿ ಆಮೇಲೆ ನಿಂತಿತು, ಮೊದಲೇ ಹೇಳಿದ್ದರು. ಹಿಮೋಗ್ಲೋಬಿನ್ 10.9. ನಾಲ್ಕು ವರ್ಷದಲ್ಲಿ ಇಷ್ಟು ನೋಡಿರಲಿಲ್ಲ. ಹೋದ ವಾರ ಮೂರು ತಾಸು ಕೌಂಟರಿನಿಂದ ಏಳದೆ ಕೂತಿದ್ದೆ. ಅದೇ ಹಿರಿಯರು ಸಾಲಿನಲ್ಲಿದ್ದರು, "ಇವತ್ತ ಚಹಾ ಇಲ್ಲೇನ್ರಿ ಮೇಡಮ್" ಅಂದರು. ಬಿಟ್ಟಿದ್ದೀನ್ರಿ ಅಂದೆ.

ಮಗಳಿಗೆ 14. ಎಲ್ಲ ಹೇಳಿದೆ, ಚಿತ್ರ ಬರೆದು ತೋರಿಸಿದೆ. "ಅಂದ್ರ ನಾ ಇದ್ದ ಜಾಗ ತೆಗೀತಾರಾ?" ಅಂತ ಕೇಳಿದಳು. ಹೌದು ಅಂದೆ. ಅವಳು ಇದ್ದ ಜಾಗ, ಮತ್ತೆ ಆ ಇಬ್ಬರು ಮೂರು ತಿಂಗಳು ಇದ್ದ ಜಾಗ. ಅವರಿಗೆ ಬೇರೆ ಯಾವ ಗುರುತೂ ಇಲ್ಲ, ಹೆಸರಿಲ್ಲ, ಫೋಟೋ ಇಲ್ಲ. ಇದರ ಬಗ್ಗೆ ಜಾಸ್ತಿ ಬರೆಯಲು ನನಗೆ ಆಗುವುದಿಲ್ಲ.

ಏನು ಹೋಗುವುದಿಲ್ಲ ಅನ್ನುವುದನ್ನೂ ಹೇಳಬೇಕು, ಯಾಕೆಂದರೆ "ತಗಸಿದ ಮ್ಯಾಲ ಎಲ್ಲಾ ಆರಾಮ ಆಗ್ತದ" ಅನ್ನುವವರು ಬಹಳ. ಬೆಳಿಗ್ಗೆ ಬೆರಳು ಮಡಚಲು ಆಗದಿರುವುದು ಹೋಗುವುದಿಲ್ಲ. ಸುಸ್ತು ಪೂರ್ತಿ ಹೋಗುವುದಿಲ್ಲ, ರಕ್ತ ಕಮ್ಮಿ ಇದ್ದದ್ದರ ಪಾಲು ಮಾತ್ರ ಹೋಗಬಹುದು. ವಾರ್ಫರಿನ್ ಇರುತ್ತದೆ, ಐಎನ್‌ಆರ್ ಇರುತ್ತದೆ, ಛತ್ರಿ ಇರುತ್ತದೆ. ಹನ್ನೆರಡು ದಿನದ ರಕ್ತ ಹೋಗುತ್ತದೆ. ನನಗೆ ಅಷ್ಟೇ ಬೇಕಾಗಿರುವುದು.

ಆಪರೇಷನ್‌ಗೆ ಐದು ದಿನ ಮೊದಲು ವಾರ್ಫರಿನ್ ಬಂದ್. ಅದರ ಬದಲು ಹೊಟ್ಟೆಗೆ ಹೆಪಾರಿನ್ ಜಾತಿಯ ಇಂಜೆಕ್ಷನ್, ನಾನೇ ಚುಚ್ಚಿಕೊಳ್ಳಬೇಕು, ಕೊನೆಯದು 24 ತಾಸು ಮೊದಲು. ಆಪರೇಷನ್ ಹೊತ್ತಿಗೆ ಸ್ಟೆರಾಯ್ಡ್ ರಕ್ತನಾಳಕ್ಕೆ ಕೊಡುತ್ತಾರೆ, ವರ್ಷಗಟ್ಟಲೆ ಗುಳಿಗೆ ತಿಂದ ಮೈಗೆ ಆ ಹೊತ್ತಿಗೆ ಬೇಕಾದಷ್ಟು ತಾನೇ ಮಾಡಿಕೊಳ್ಳಲು ಆಗದಿರಬಹುದು. ದುರ್ಬೀನು ಹಾಕಿ ಸಣ್ಣ ತೂತಿನಿಂದ ಮಾಡುತ್ತಾರೆ. ಆರು ವಾರ ತುಂಬಿದ ಕೊಡ ಎತ್ತುವ ಹಾಗಿಲ್ಲ.

ಮೊನ್ನೆ ರೊಟ್ಟಿ ಅಕ್ಕನಿಗೆ ದಿನ ಗೊತ್ತಾಗಿದೆ ಅಂದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. "ಆ ಬುಕ್ಕಿನ್ಯಾಗ ಬರಕೊಂಡೀರಲ್ಲ, ಓದ್ರಿ" ಅಂದರು. ಒಲೆ ಸಣ್ಣ ಮಾಡಿ ಕೂತು ಎಂಟೂ ಪ್ರಶ್ನೆ, ಎಂಟೂ ಉತ್ತರ ಕೇಳಿದರು. ಅಂಡಾಶಯದ್ದು ಬಂದಾಗ ಮತ್ತೊಮ್ಮೆ ಓದಿಸಿದರು. ನಾನು ವಾಪಸು ಬಂದ ಮೇಲೆ ಅವರನ್ನು ಆ ಹಿರಿಯ ಮೇಡಮ್ ಹತ್ತಿರ ಕರೆದುಕೊಂಡು ಹೋಗುವುದು ಅಂತ ಮಾತಾಗಿದೆ, ಮೂಳೆ ನೋಡಿಸಬೇಕು, ಸ್ಕ್ಯಾನ್ ಮಾಡಿಸಬೇಕು, ಒಳಗೆ ಏನಿದೆ ಏನಿಲ್ಲ ಅನ್ನುವುದಾದರೂ ತಿಳಿಯಲಿ. ಅವರು ಪೂರ್ತಿ ಒಪ್ಪಿಲ್ಲ. ನೋಡಮು ಅಂದಿದ್ದಾರೆ.

ಆಮೇಲೆ, "ಇನ್ನೊಂದು ಬರೀರಿ" ಅಂದರು.

"ಏನು?"

"ತೆಗೆದದ್ದು ನಮ್ಮ ಮನಿಯವರಿಗೆ ತೋರಸ್ರಿ, ಎಲ್ಲಿಗೆ ಕಳಸ್ತೀರಿ ಹೇಳ್ರಿ, ಅದರ ಕಾಗದ ನನ್ನ ಕೈಯಾಗ ಕೊಡ್ರಿ ಅಂತ ಬರೀರಿ."

ಒಂಬತ್ತನೆಯದಾಗಿ ಬರೆದುಕೊಂಡೆ, ಅವರು ಹೇಳಿದ ಹಾಗೇ.

ಕಡಕ್ ರೊಟ್ಟಿ ಇಪ್ಪತ್ತೈದು, ಶೇಂಗಾ ಹಿಂಡಿ ಒಂದು ಡಬ್ಬಿ ಹೇಳಿದ್ದೇನೆ. ಹೈದರಾಬಾದಿನ ಕ್ಯಾಂಟೀನಿನಲ್ಲಿ ಮೂರೂ ಹೊತ್ತು ಅನ್ನ ಕೊಡುತ್ತಾರೆ, ಅದೊಂದು ಮಾತ್ರ ನನ್ನಿಂದ ಆಗುವುದಿಲ್ಲ.